ಗುಮ್ಮನಿಗೆ ಹಾರ

ಡುಲುತ್, ಜಾರ್ಜಿಯಾ
28 ಜೂನ್ 2021

ಚಿ. ರಚನಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಮನೆಗೆ ಬಂದು ಹೋದದ್ದಕ್ಕೆ ಆದ ಖರ್ಚು ಹೀಗಿದೆ. ಬಿಸಿಲಿಗೆ ಕಾರಿನಲ್ಲೇ ಉಕ್ಕಿ ಸೀಟಿಗೆಲ್ಲ ಮೆತ್ತಿದ ದೋಸೆಹಿಟ್ಟು ಒಂದು ಬಕೆಟ್ಟು. ನಿಮ್ಮ ಬಟ್ಟೆ ಇಡುವ ಕ್ಲಾಸೆಟ್ಟಿನ ಬಾಗಿಲಿನ ಕೀಲು. ಅಳಿಯಂದಿರು ಹೊರಗಿನಿಂದ ಎಳೆದರು, ಹರಿಣಿ ಒಳಗಿನಿಂದ ಎಳೆದಳು, ಐದು ವರ್ಷದ ಮಗುವಿಗೆ ಅಷ್ಟು ಶಕ್ತಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವಳು ವಾಂತಿ ಮಾಡಿಕೊಂಡ ಕಾರ್ಪೆಟ್ಟು. ಯಾರೂ ಬಿಚ್ಚಿ ನೋಡದ ಹಳದಿ ಫ್ರಾಕು. ಕಡೆಯದಾಗಿ ನನ್ನ ಮರ್ಯಾದೆ. ಅದನ್ನು ಕಡೆಗೆ ಬರೆದದ್ದು ಏಕೆಂದರೆ ಅದರ ಬೆಲೆಯನ್ನು ಯಾರೂ ಕೇಳಲಿಲ್ಲ.

ಡುಲುತ್‌ನಿಂದ ಕ್ಯಾರಿಗೆ ಆರು ಗಂಟೆ ಕಾರು ಓಡಿಸಿಕೊಂಡು ಬಂದವನು ನಿಮ್ಮ ಮನೆಯೊಳಗೆ ಇದ್ದದ್ದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ನಿನ್ನ ಅತ್ತೆ ಸಿದ್ದೇಶ್ವರಿಯವರು ನನ್ನ ಚಪ್ಪಲಿಗಳನ್ನು ತಾವೇ ತಿರುಗಿಸಿ, ಮೂತಿ ಬೀದಿ ಕಡೆ ಮಾಡಿ ಇಟ್ಟಿದ್ದರು. ಮರ್ಯಾದಸ್ಥರು. ಬಾಯಿಬಿಟ್ಟು ಹೋಗಿ ಅನ್ನಲಿಲ್ಲ.

ನಾನು ಮಾಡಿದ್ದೇನು ರಚನಾ? ಹೋದ ವರ್ಷ ಏಪ್ರಿಲಿನಿಂದ ನೀವು ಹೇಳಿದ ಕೆಲಸ ಮಾಡಿದೆ. ಗಂಡ ಹೆಂಡತಿ ಇಬ್ಬರಿಗೂ ಮನೆಯಿಂದಲೇ ಆಫೀಸು, ಮಗು ಊಟ ಮಾಡುವುದಿಲ್ಲ, ಮಧ್ಯಾಹ್ನವಾದರೆ ನಿನ್ನ ವೀಡಿಯೊ ಕಾಲ್. "ಅಪ್ಪಾಜಿ, ಒಂದ್ಸಲ ಗದರಿ, ಬೇಗ." ನಾನು ಹಿಟ್ಟಿನ ಅಂಗಡಿಯಲ್ಲಿ ತಲೆಗೆ ಬಲೆ ಟೋಪಿ ಹಾಕಿಕೊಂಡು ಗ್ರೈಂಡರ್ ಮುಂದೆ ನಿಂತಿರುತ್ತಿದ್ದೆ. ಉದ್ದಿನಬೇಳೆಯನ್ನು ಅರ್ಧಕ್ಕೆ ಬಿಟ್ಟು ಮೀಸೆ ತಿರುವಿ, "ಯಾರದು ಊಟ ಮಾಡ್ದೇ ಇರೋದು? ಚೀಲ ತಗೊಂಡು ಬರ್ತಾ ಇದೀನಿ" ಅನ್ನುತ್ತಿದ್ದೆ. ಮಗು ಬಾಯಿ ತೆರೆಯುತ್ತಿತ್ತು, ನೀನು ತುತ್ತು ಇಡುತ್ತಿದ್ದೆ, ಫೋನು ಇಡುತ್ತಿದ್ದೆ. ನಿಮ್ಮ ಊಟ ಆಯಿತಾ ಎಂದು ನನ್ನನ್ನು ಕೇಳಲು ನಿನಗೆ ಪುರಸೊತ್ತಿರಲಿಲ್ಲ. ಆದರೂ ಬೇಸರವಿರಲಿಲ್ಲ. ಯುಗಾದಿಗೊಂದು ದೀಪಾವಳಿಗೊಂದು ಮಗಳ ಫೋನು ಕಂಡವನಿಗೆ ದಿನಾ ಮಧ್ಯಾಹ್ನ ಫೋನು ಬಂದರೆ, ಗುಮ್ಮ ಏನು, ಕರಡಿ ಬೇಕಾದರೂ ಆಗುತ್ತಾನೆ.

ಲಸಿಕೆ ಹಾಕಿಸಿಕೊಂಡು ಮೊಮ್ಮಗಳನ್ನು ನೋಡಲು ಬಂದೆ. ಅವಳು ಕ್ಲಾಸೆಟ್ಟಿನ ಒಳಗಿಂದ ನಿನ್ನನ್ನು ಕೇಳಿದ್ದು ನನಗೂ ಕೇಳಿಸಿತು. "ಬ್ಯಾಗ್ ತಂದಿದಾನಾ?" ತಂದಿದ್ದೆ. ಕೈಯಲ್ಲಿ ಬಟ್ಟೆ ಚೀಲ ಇತ್ತು. ಫ್ರಾಕು ಅದರಲ್ಲೇ ಇತ್ತು.

ನೀನೂ ಗುಮ್ಮನಿಗೆ ಹೆದರಿಯೇ ಉಂಡು ಬೆಳೆದವಳು. ನಿನಗೇನಾಯಿತು? ಈಗ ಮುಂದೇನು ಮಾಡಬೇಕು ಎಂಬುದನ್ನು ತಿಳಿಸು.

ನಿನ್ನ ಅಪ್ಪ,
ಶಿವಬಸಪ್ಪ


ಕ್ಯಾರಿ, ನಾರ್ತ್ ಕ್ಯಾರೊಲೈನಾ
19 ಜುಲೈ 2021

ಅಪ್ಪಾಜಿಗೆ ನಮಸ್ಕಾರ.

ದಯವಿಟ್ಟು ಫೋನ್ ಮಾಡಬೇಡಿ. ಮೊನ್ನೆ ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನಿಮ್ಮ ಜೊತೆ ಮಾತಾಡಿದೆ. ಹರಿಣಿ ಹೊರಗೆ ನಿಂತು ನಿಮ್ಮ ದನಿ ಗುರುತು ಹಿಡಿದಳು, ನಿಂತಲ್ಲೇ ಒದ್ದೆ ಮಾಡಿಕೊಂಡಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅವಳನ್ನು ಮಕ್ಕಳ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ. ನಿನಗೆ ಭಯ ಆಗುವುದರ ಚಿತ್ರ ಬರಿ ಅಂದರು. ಹರಿಣಿ ನಿಮ್ಮನ್ನು ಬರೆದಳು. ಮೀಸೆ ಕಾಗದದ ಈ ತುದಿಯಿಂದ ಆ ತುದಿವರೆಗೆ ಇದೆ. ಚೀಲದಿಂದ ಎರಡು ಪುಟ್ಟ ಕಾಲು ಹೊರಗೆ ಬಂದಿವೆ. ಅವು ಯಾರವು ಎಂದು ಕೇಳಿದ್ದಕ್ಕೆ ಅವಳು ತನ್ನ ಶೂ ತೋರಿಸಿದಳು.

ಆಗಸ್ಟಿನಲ್ಲಿ ಕಿಂಡರ್‌ಗಾರ್ಟನ್ ಶುರು. ಸ್ಕೂಲ್ ಬಸ್ಸಿನ ಡ್ರೈವರಿಗೆ ಮೀಸೆ ಇದೆ ಎಂದು ಈಗಿನಿಂದಲೇ ಬಸ್ಸು ಬೇಡ ಎನ್ನುತ್ತಾಳೆ.

ಕೌನ್ಸೆಲರ್ ಒಂದು ಏಣಿ ಬರೆದುಕೊಟ್ಟಿದ್ದಾರೆ. ಕೆಳಗಿನ ಮೆಟ್ಟಿಲು ನಿಮ್ಮ ಕಾಗದ, ನಾನು ಓದಿ ಹೇಳಬೇಕು. ಆಮೇಲೆ ಫೋಟೊ. ಆಮೇಲೆ ರೆಕಾರ್ಡ್ ಮಾಡಿದ ದನಿ, ಮೆಲ್ಲಗೆ. ಆಮೇಲೆ ನೀವು ಕಿಟಕಿಯ ಹೊರಗೆ. ಮನೆಯೊಳಗೆ ನೀವು ಬರುವುದು ತುದಿಯ ಮೆಟ್ಟಿಲು. ಒಂದೊಂದು ಮೆಟ್ಟಿಲಲ್ಲೂ ಹರಿಣಿ ಸರಿ ಅನ್ನುವವರೆಗೆ ನಿಲ್ಲಬೇಕು. ಅವಳ ಭಯಕ್ಕೆ ನಗಬಾರದು. ಭಯ ಪಡುವಂಥದ್ದು ಏನೂ ಇಲ್ಲ ಅಂತ ಬಾಯಿ ಮುಚ್ಚಿಸಲೂಬಾರದು, ನಿನಗೆ ಭಯ ಆಗ್ತಿದೆ ಅಲ್ವಾ ಅಂತ ಮೊದಲು ಒಪ್ಪಿಕೊಳ್ಳಬೇಕಂತೆ. ಏನೇ ಆದರೂ ಸುಳ್ಳು ಹೇಳಬೇಡಿ ಎಂದು ಎರಡು ಸಲ ಹೇಳಿದರು.

ನವೆಂಬರಿನಲ್ಲಿ ನನಗೆ ಹೆರಿಗೆ. ನಾಮಕರಣದ ಹೊತ್ತಿಗೆ ನೀವು ಏಣಿ ಹತ್ತಿ ಮುಗಿಸಿದ್ದರೆ ಬರಬಹುದು. ಮುಗಿಸದಿದ್ದರೆ ಇಲ್ಲ. ಇದನ್ನು ನಾನೊಬ್ಬಳೇ ತೀರ್ಮಾನ ಮಾಡಿದ್ದಲ್ಲ, ಆದರೆ ನನ್ನದೂ ಒಪ್ಪಿಗೆ ಇದೆ.

ನಿನಗೇನಾಯಿತು ಅಂತ ಕೇಳಿದ್ದೀರಿ. ನನಗೆ ಮೂವತ್ತಾರು ವರ್ಷ. ಈಗಲೂ ನಿಮ್ಮ ನಂಬರು ಕಂಡರೆ ಎದ್ದು ನಿಂತು ಫೋನು ತೆಗೆದುಕೊಳ್ಳುತ್ತೇನೆ.

ರಚನಾ


ಡುಲುತ್
9 ಆಗಸ್ಟ್ 2021

ಹರಿಣಿ ಪುಟ್ಟಿಗೆ,

ನಾನು ತಾತ. ಕಾಗದದ ಒಳಗೆ ಇದ್ದೇನೆ. ಸಾಕು ಅನ್ನಿಸಿದಾಗ ನೀನು ನನ್ನನ್ನು ಮಡಿಸಿ ಇಟ್ಟುಬಿಡಬಹುದು. ಮಡಿಸಿದರೆ ನನಗೆ ನೋವಾಗುವುದಿಲ್ಲ.

ನಿನಗೆ ನನ್ನನ್ನು ಕಂಡರೆ ಭಯ ಅಂತ ಅಮ್ಮ ಬರೆದಿದ್ದಾಳೆ. ನನ್ನ ದನಿ ಜೋರು, ಅದಕ್ಕೆ ಭಯವಾಗುವುದು ಸರಿಯೇ. ನನ್ನ ಗ್ರೈಂಡರಿನದು ಇನ್ನೂ ಜೋರು. ಅದರ ಪಕ್ಕ ಇಷ್ಟು ವರ್ಷ ನಿಂತು ನಿಂತು ನನಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ. ಈಗ ಕಲಿಯುತ್ತಿದ್ದೇನೆ. ಬೆಳಿಗ್ಗೆ ಹಿಟ್ಟಿನ ಜೊತೆ ಮೆಲ್ಲಗೆ ಮಾತಾಡುತ್ತೇನೆ. ಅದು ಉತ್ತರ ಕೊಡುವುದಿಲ್ಲ, ಸುಮ್ಮನೆ ಉಬ್ಬುತ್ತದೆ.

ನನ್ನ ಚೀಲವನ್ನು ಒಗೆದು ಈ ಕಾಗದದ ಜೊತೆ ಕಳಿಸಿದ್ದೇನೆ. ಅದರ ತಳವನ್ನು ಕತ್ತರಿಯಿಂದ ಕತ್ತರಿಸಿದ್ದೇನೆ. ಕೈ ಹಾಕಿ ನೋಡು, ಆ ಕಡೆಯಿಂದ ಹೊರಗೆ ಬರುತ್ತದೆ. ಇನ್ನು ಅದರಲ್ಲಿ ಯಾರನ್ನೂ ತುಂಬಲು ಆಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಅದೊಂದೇ ಚೀಲ.

ತಾತ


ಕ್ಯಾರಿ
2 ಅಕ್ಟೋಬರ್ 2021

ಅಪ್ಪಾಜಿಗೆ ನಮಸ್ಕಾರ.

ಚೀಲ ಕೆಲಸ ಮಾಡಿತು. ಮೊದಲ ವಾರ ಅದನ್ನು ಗ್ಯಾರೇಜಿನಲ್ಲಿಟ್ಟಿದ್ದೆ. ಆಮೇಲೆ ಹರಿಣಿಯೇ ಕೇಳಿ ತರಿಸಿಕೊಂಡಳು. ಈಗ ಅದನ್ನು ಗೊಂಬೆಗೆ ಲಂಗದ ಹಾಗೆ ತೊಡಿಸುತ್ತಾಳೆ. ಕಾಗದವನ್ನು ಎಷ್ಟು ಸಲ ಓದಿಸಿದಳೋ ಲೆಕ್ಕವಿಲ್ಲ. ಹಿಟ್ಟು ಉಬ್ಬುವ ಸಾಲು ಬಂದಾಗ ಕೆನ್ನೆ ಉಬ್ಬಿಸುತ್ತಾಳೆ. ಬಸ್ಸು ಹತ್ತುತ್ತಿದ್ದಾಳೆ. ಆದರೆ ಹಾಸಿಗೆ ಒದ್ದೆ ಮಾಡುವುದು ನಿಂತಿಲ್ಲ.

ಫೋಟೊದ ಮೆಟ್ಟಿಲಿಗೆ ಕ್ರಿಸ್‌ಮಸ್ ಕಳೆಯಲಿ, ಆತುರ ಬೇಡ ಎಂದು ಕೌನ್ಸೆಲರ್ ಹೇಳುತ್ತಾರೆ. ನಾಮಕರಣಕ್ಕೆ ಮುಂಚೆ ಮುಗಿಸೋಣ ಎಂದು ಬಸವಕುಮಾರ್ ಹೇಳುತ್ತಾರೆ. ಪ್ರತಿ ಸಲ ಕೌನ್ಸೆಲರ್ ಹತ್ತಿರ ಹೋಗಿ ಬಂದಾಗಲೂ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ, ಎಲ್ಲರಿಗೂ ಕಾಣಲಿ ಅಂತ. ಮೀಸೆಯೇ ತೊಂದರೆ, ಮಾವನವರು ಅದನ್ನು ತೆಗೆದರೆ ಮೆಟ್ಟಿಲೆಲ್ಲ ಯಾಕೆ ಅನ್ನುತ್ತಾರೆ. ನಾನು ಹೇಳುತ್ತಿಲ್ಲ. ಅವರು ಹೇಳಿದ್ದನ್ನು ಬರೆದೆ.

ರಚನಾ


ಡುಲುತ್
11 ಅಕ್ಟೋಬರ್ 2021

ಚಿ. ರಚನಾಳಿಗೆ ಆಶೀರ್ವಾದ.

ಮೀಸೆ ತೆಗೆದೆ. ಹದಿನೆಂಟನೇ ವಯಸ್ಸಿನಲ್ಲಿ ಬಂದದ್ದು. ಇಲ್ಲಿಗೆ ಬಂದು ಗ್ಯಾಸ್ ಸ್ಟೇಷನ್ನಿನಲ್ಲಿ ನೆಲ ಒರೆಸುವಾಗಲೂ ಇತ್ತು. ಸ್ವಂತ ಹಿಟ್ಟಿನ ಅಂಗಡಿ ಮಾಡಿದಾಗ ಡಬ್ಬದ ಲೇಬಲ್ಲಿನ ಮೇಲೆ ಚಿತ್ರ ಬರೆಸಲು ದುಡ್ಡಿರಲಿಲ್ಲ, ಬರೀ ಮೀಸೆ ಬರೆಸಿದೆ. ಈಗ ಪಕ್ಕದ ಜಾನ್ಸ್ ಕ್ರೀಕಿನ ಹೆಂಗಸರು ಅಂಗಡಿಗೆ ಬಂದು, ಅಂಕಲ್ ಇಲ್ವಾ ಎಂದು ನನ್ನನ್ನೇ ಕೇಳುತ್ತಾರೆ. ಒಬ್ಬಾಕೆ ಲೇಬಲ್ಲನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಹಿಟ್ಟು ಹಳೆಯದಾ ಅಂದಳು.

ಮೇಲ್ತುಟಿಗೆ ಗಾಳಿ ತಾಗಿದರೆ ಯಾರೋ ಬೈದ ಹಾಗಾಗುತ್ತದೆ. ಇರಲಿ. ಹೊಸ ಮುಖದ ಫೋಟೊ ಇದರ ಜೊತೆ ಇದೆ. ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಕಟ್ಟಲು ಉಡುದಾರ ಮಾಡಿಸಿಟ್ಟಿದ್ದೇನೆ. ನಾಮಕರಣದ ದಿನ ಗೊತ್ತಾದ ಕೂಡಲೇ ಬರಿ.

ಅಪ್ಪ


ಕ್ಯಾರಿ
6 ಡಿಸೆಂಬರ್ 2021

ಅಪ್ಪಾಜಿ,

ಮೊಮ್ಮಗ ಹುಟ್ಟಿದ ಮೆಸೇಜು ತಲುಪಿರಬೇಕು. ನಾಮಕರಣ ಹೋದ ಶನಿವಾರ ಮುಗಿಯಿತು. ರೋಹಿತ ಎಂದು ಹೆಸರಿಟ್ಟೆವು. ನಿಮಗೆ ಯಾಕೆ ತಿಳಿಸಲಿಲ್ಲ ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ.

ನಿಮ್ಮ ಹೊಸ ಫೋಟೊ ತೋರಿಸಿದರೆ ಹರಿಣಿ ಹೂ ಈಸ್ ದಿಸ್ ಅಂದಳು. ಭಯವೇ ಆಗಲಿಲ್ಲ, ಯಾಕೆಂದರೆ ಅದು ನೀವು ಎಂದು ಅವಳು ಒಪ್ಪಲೇ ಇಲ್ಲ. ಆ ಮೆಟ್ಟಿಲು ದಾಟಿದ ಹಾಗಾಗುವುದಿಲ್ಲ ಎಂದು ಬಸವಕುಮಾರ್ ಮೀಸೆ ಇರುವ ಹಳೆಯ ಫೋಟೊವನ್ನು ಹುಡುಕಿ, ಹಾಲ್‌ನ ಶೆಲ್ಫಿನ ಮೇಲೆ ಅಮ್ಮನ ಫೋಟೊ ಪಕ್ಕ ಇಟ್ಟರು. ಕೌನ್ಸೆಲರನ್ನು ಕೇಳಲಿಲ್ಲ. ಮೂರು ದಿನ ಹರಿಣಿ ಹಾಲ್‌ಗೆ ಕಾಲಿಡಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಊಟ ಮಾಡಿದಳು.

ನಾಲ್ಕನೆಯ ದಿನ ಅವಳೇ ಕುರ್ಚಿ ಎಳೆದುಕೊಂಡು ಹೋದಳು. ನಾವೆಲ್ಲ ಪಕ್ಕದಲ್ಲೇ ನಿಂತು ನೋಡಿದೆವು. ಅಮ್ಮನ ಫೋಟೊಕ್ಕೆ ಹಾಕಿದ್ದ ಗಂಧದ ಹಾರವನ್ನು ತೆಗೆದು ನಿಮ್ಮ ಫೋಟೊಕ್ಕೆ ಹಾಕಿದಳು. ಅತ್ತೆ ಬಿಡ್ತು ಬಿಡ್ತು ಎನ್ನುತ್ತ ತೆಗೆಯಲು ಹೋದರು. ಹರಿಣಿ ಕಿರುಚಿ ಅವರ ಕೈ ಕಚ್ಚಿದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು, "ನೌ ಹೀ ಕಾಂಟ್ ಕಮ್, ರೈಟ್? ಅಜ್ಜಿ ತರ?"

ನಾವು ಹೌದು ಅನ್ನಲಿಲ್ಲ ಅಪ್ಪಾಜಿ. ಇಲ್ಲ ಅನ್ನಲಿಲ್ಲ, ಅಷ್ಟೇ.

ಅವತ್ತು ಅವಳು ತನ್ನ ರೂಮಿನಲ್ಲಿ ಒಬ್ಬಳೇ ಮಲಗಿದಳು. ಬೆಳಿಗ್ಗೆ ಹಾಸಿಗೆ ಒಣಗಿತ್ತು. ಮಾರನೆಯ ದಿನವೂ. ಈಗ ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಾಳೆ, ಹಾಡು ಹೇಳಿಕೊಂಡು ಬರುತ್ತಾಳೆ. ಎರಡು ದಿನ ಮಾತ್ರ, ಅಜ್ಜಿ ಯಾವಾಗ ಬರ್ತಾಳೆ, ಹಾರ ತೆಗೆದಾಯ್ತಲ್ಲ ಎಂದು ಕೇಳಿದಳು. ಅತ್ತೆ ಅಮ್ಮನಿಗೆ ಇನ್ನೊಂದು ಹಾರ ತರಿಸಿ ಹಾಕಿದರು.

ಕೌನ್ಸೆಲರ್ ಹತ್ತಿರ ಹೋಗುವುದನ್ನು ನಿಲ್ಲಿಸಿದ್ದೇವೆ. ಹೋದರೆ ಹಾರ ತೆಗೆಯಿರಿ, ನಿಜ ಹೇಳಿ ಅನ್ನುತ್ತಾರೆ. ಮನೆಯಲ್ಲಿ ಬಾಣಂತಿ, ಹಸುಗೂಸು. ನನಗೆ ನಿದ್ದೆ ಬೇಕು ಅಪ್ಪಾಜಿ. ನೀವು ಅರ್ಥ ಮಾಡಿಕೊಳ್ಳುತ್ತೀರಿ ಅಂದುಕೊಂಡಿದ್ದೇನೆ.

ರಚನಾ


ಡುಲುತ್
15 ಡಿಸೆಂಬರ್ 2021

ರಚನಾ,

ಸತ್ತವನ ಕಾಗದ ಇದು. ಒಬ್ಬಳೇ ಇರುವಾಗ ಓದು.

ನಮ್ಮೂರಿನಲ್ಲಿ ಕಾಗೆ ತಲೆಗೆ ಬಡಿದರೆ ಏನು ಮಾಡುತ್ತಿದ್ದರು ಎಂದು ನಿನಗೆ ಗೊತ್ತಿಲ್ಲ. ಬಡಿಸಿಕೊಂಡವನು ಸತ್ತ ಎಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಿದ್ದರು. ನೆಂಟರು ಎದೆ ಬಡಿದುಕೊಂಡು ಅತ್ತರೆ ದೋಷ ಕಳೆಯುತ್ತಿತ್ತು. ನಿಜ ತಿಳಿದ ಮೇಲೆ ಬೈದು, ನಕ್ಕು, ಊಟ ಮಾಡಿಕೊಂಡು ಹೋಗುತ್ತಿದ್ದರು. ನನ್ನ ತಂದೆ ಹಾಗೆ ಒಂದು ಸಲ ಸತ್ತು ಆಮೇಲೆ ಇಪ್ಪತ್ತು ವರ್ಷ ಬದುಕಿದರು. ನಿನ್ನ ಮನೆಯಲ್ಲಿ ಸುದ್ದಿ ಏನೋ ಸರಿಯಾಗಿಯೇ ಹೊರಟಿತು. ಆದರೆ ಯಾರೂ ಅಳಲಿಲ್ಲ. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದಿರಿ. ಹಾಗಾಗಿ ದೋಷ ಇದ್ದಲ್ಲೇ ಇದೆ.

ಮೀಸೆ ಕೇಳಿದಿರಿ, ಕೊಟ್ಟೆ. ದನಿ ಕೇಳಿದಿರಿ, ಹಿಟ್ಟಿನ ಮುಂದೆ ನಿಂತು ಪಿಸುಗುಟ್ಟಿದೆ. ಮೀಸೆ ತೆಗೆದವನನ್ನು ಮಗು ಗುರುತು ಹಿಡಿಯಲಿಲ್ಲ, ಮೀಸೆ ಇದ್ದವನಿಗೆ ಹಾರ ಹಾಕಿತು. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಭಯವಿತ್ತು, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಿತು. ನೀನು ಮೂವತ್ತಾರು ವರ್ಷದವಳು, ಪಕ್ಕದಲ್ಲಿ ನಿಂತಿದ್ದೆ.

ಹಾರ ತೆಗೆ. ಕುರ್ಚಿ ಹಾಕಿ ಅವಳಿಂದಲೇ ತೆಗೆಸು. ತಾತ ಇದ್ದಾನೆ, ನಿನಗೆ ಭಯ ಆಗುತ್ತದೆ, ನೀನು ಸರಿ ಅನ್ನುವವರೆಗೂ ಅವನು ಬರುವುದಿಲ್ಲ ಎಂದು ಹೇಳು. ಅದು ನಿಜ. ಒಂದು ವಾರ ಅಳುತ್ತಾಳೆ, ಹಾಸಿಗೆ ಒದ್ದೆಯಾಗುತ್ತದೆ. ನಾನು ಏಣಿಯ ಬುಡದಲ್ಲಿ ಎಷ್ಟು ವರ್ಷ ಬೇಕಾದರೂ ನಿಂತಿರುತ್ತೇನೆ. ಆಳು ಇಟ್ಟುಕೊಂಡಿದ್ದೇನೆ, ಅಂಗಡಿ ನಡೆಯುತ್ತದೆ. ಈಗ ತೆಗೆಯದಿದ್ದರೆ, ತನಗೆ ಬೇಡವಾದವರನ್ನು ಏನು ಮಾಡಬೇಕೆಂದು ಅವಳು ಕಲಿತ ಹಾಗಾಗುತ್ತದೆ.

ಉಡುದಾರವನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಯಾರು ಕೊಟ್ಟದ್ದು ಎಂದು ಏನು ಬೇಕಾದರೂ ಹೇಳಿಕೊಳ್ಳಿ.

ಅಪ್ಪ


ಕ್ಯಾರಿ
24 ಅಕ್ಟೋಬರ್ 2022

ಪೂಜ್ಯ ಮಾವನವರಿಗೆ ಬಸವಕುಮಾರ್ ಮಾಡುವ ನಮಸ್ಕಾರಗಳು.

ಹತ್ತು ತಿಂಗಳಾದರೂ ರಚನಾ ನಿಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ಕೂರುತ್ತಾಳೆ, ಎದ್ದು ಹೋಗುತ್ತಾಳೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ರೋಹಿತನ ಮೊದಲನೇ ಬರ್ತ್‌ಡೇ. ನೀವು ಬರಬೇಕು ಎಂದು ನಮ್ಮೆಲ್ಲರ ಆಸೆ. ಹರಿಣಿ ಬಹಳ ಸುಧಾರಿಸಿದ್ದಾಳೆ, ಕ್ಲಾಸಿನಲ್ಲಿ ಲೀಡರ್. ಅದನ್ನು ಕೆಡಿಸಿಕೊಳ್ಳದೆ ನೀವೂ ಬರುವಂಥ ಒಂದು ದಾರಿ ನನಗೆ ಹೊಳೆದಿದೆ.

ಮೀಸೆ ಇಲ್ಲದ ನಿಮ್ಮನ್ನು ಅವಳು ಹೇಗೂ ಗುರುತಿಸುವುದಿಲ್ಲ. ಜಾರ್ಜಿಯಾದಿಂದ ದೋಸೆಹಿಟ್ಟು ತರುವ ಬಸಪ್ಪ ಅಂಕಲ್ ಎಂದು ಹೇಳೋಣ. ದಯವಿಟ್ಟು ಮೆಲ್ಲಗೆ ಮಾತಾಡಬೇಕು. ಮೇಲ್ತುಟಿಯ ಹತ್ತಿರ ಕೈ ತೆಗೆದುಕೊಂಡು ಹೋಗುವ ಅಭ್ಯಾಸ ನಿಮಗಿದೆ, ಅದು ಬೇಡ. ಚೀಲ ತರಬೇಡಿ, ಹಿಟ್ಟನ್ನು ಡಬ್ಬದಲ್ಲೇ ತನ್ನಿ. ಅವಳು ತಾತನ ವಿಷಯ ತೆಗೆದರೆ ತಿದ್ದಲು ಹೋಗಬೇಡಿ. ಇದನ್ನು ಪರ್ಸನಲ್ ಆಗಿ ತೆಗೆದುಕೊಳ್ಳಬಾರದು ಎಂದು ಕೋರುತ್ತೇನೆ.

ಇತಿ ನಿಮ್ಮ ಅಳಿಯ,
ಬಸವಕುಮಾರ್

ಅಪ್ಪಾಜಿ, ಬನ್ನಿ. ರೋಹಿತನನ್ನು ಎತ್ತಿಕೊಳ್ಳಬಹುದು. ಅವನಿಗೆ ನಿಮ್ಮ ವಿಷಯ ಏನೂ ಗೊತ್ತಿಲ್ಲ. — ರಚನಾ


ಡುಲುತ್
22 ನವೆಂಬರ್ 2022

ಚಿ. ರಚನಾಳಿಗೆ,

ಕ್ಷೇಮವಾಗಿ ಬಂದು ತಲುಪಿದೆ. ನೀನು ಇಡೀ ದಿನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಆದ್ದರಿಂದ ಹಾಲ್‌ನಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಬಾಗಿಲು ತೆಗೆದದ್ದು ಹರಿಣಿ. ಹಾಯ್ ಅಂಕಲ್ ಎಂದಳು, ಡಬ್ಬದ ಒಂದು ಕಿವಿ ತಾನು ಹಿಡಿದಳು. ಮೂಗು ನಿನ್ನ ಅಮ್ಮನದು. ಅಳಿಯಂದಿರು ಹೇಳಿಕೊಟ್ಟ ಹಾಗೆ ನಾನು ಮೆಲ್ಲಗೆ ಥ್ಯಾಂಕ್ಯೂ ಎಂದೆ. ಅವಳು ನನ್ನ ಬೆರಳು ಹಿಡಿದು ಮನೆ ತೋರಿಸಿದಳು. ಹೊಸ ಕೀಲು ಹಾಕಿದ ಕ್ಲಾಸೆಟ್ಟು ತೋರಿಸಿದಳು, ಗೊಂಬೆ ತೋರಿಸಿದಳು. ಗೊಂಬೆಯ ಸೊಂಟದಲ್ಲಿ ನನ್ನ ಚೀಲ ಇತ್ತು. ಶೆಲ್ಫಿನ ಹತ್ತಿರ ನಿಂತಳು.

"ದಿಸ್ ಈಸ್ ಮೈ ಅಜ್ಜಿ. ದಿಸ್ ಈಸ್ ಮೈ ತಾತ. ತಾತ ತುಂಬಾ ಬ್ಯಾಡ್. ಬಟ್ ಹೀ ಡೈಡ್."

ಮೇಲ್ತುಟಿಗೆ ಹೊರಟಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಅಳಿಯಂದಿರು ತಿದ್ದಬೇಡಿ ಎಂದಿದ್ದರು, ಕೇಳಬೇಡಿ ಎಂದಿರಲಿಲ್ಲ. ಹೇಗೆ ಸತ್ತರಮ್ಮ ಎಂದು ಕೇಳಿದೆ.

"ನಾನು ಹಾರ ಹಾಕ್ದೆ," ಎಂದಳು. ಹೆಮ್ಮೆಯಿಂದೇನೂ ಹೇಳಲಿಲ್ಲ. ಹೋಮ್‌ವರ್ಕ್ ಮುಗಿಸಿದೆ ಎನ್ನುವ ಹಾಗೆ ಹೇಳಿದಳು.

ಕೇಕು ಕತ್ತರಿಸಿದ ಮೇಲೆ ರೋಹಿತನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಅನ್ನ ತಿನ್ನಿಸುತ್ತಿದ್ದರು. ಅವನು ತುಟಿ ಬಿಗಿದುಕೊಂಡು ಮುಖ ತಿರುಗಿಸಿದ. ನಿನ್ನ ಅತ್ತೆ ವಿಮಾನ ಮಾಡಿದರು, ಕಾಗೆ ಮಾಡಿದರು, ಆಗಲಿಲ್ಲ. ಹರಿಣಿ ಅವರ ಕೈಯಿಂದ ಚಮಚ ಕಿತ್ತುಕೊಂಡಳು. ಮಗುವಿನ ಮುಖದ ಹತ್ತಿರ ಬಗ್ಗಿದಳು.

"ಬಾಯಿ ತೆಗಿ. ಇಲ್ಲಾಂದ್ರೆ ನಿಂಗೂ ಹಾರ ಹಾಕ್ತೀನಿ."

ಒಂದು ವರ್ಷದ ಕೂಸಿಗೆ ಮಾತು ತಿಳಿಯುವುದಿಲ್ಲ. ದನಿ ತಿಳಿಯಿತು. ಅದು ನನ್ನ ದನಿ ರಚನಾ. ನಾನು ಹಿಟ್ಟಿನ ಮುಂದೆ ನಿಂತು ಕಳೆದುಕೊಂಡದ್ದು ನಿನ್ನ ಮಗಳ ಗಂಟಲಿನಲ್ಲಿ ಕ್ಷೇಮವಾಗಿದೆ. ಮಗು ಅಳಲೂ ಇಲ್ಲ. ಕಣ್ಣು ದೊಡ್ಡದು ಮಾಡಿ ಅವಳನ್ನೇ ನೋಡುತ್ತ ಬಾಯಿ ತೆರೆಯಿತು. ಬಂದವರೆಲ್ಲ ನಕ್ಕರು. ಅಳಿಯಂದಿರು ಫೋನು ಹಿಡಿದು ವೀಡಿಯೊ ತೆಗೆದರು, ಎಷ್ಟು ರೆಸ್ಪಾನ್ಸಿಬಲ್ ನೋಡಿ ಎಂದರು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ನನಗೆ ಕಂಡಿತು. ಹತ್ತಿರ ಬರುತ್ತೀಯೇನೋ ಅಂದುಕೊಂಡೆ. ಬಾಯಿ ತೆರೆದಿರುವಾಗಲೇ ಇನ್ನೊಂದು ತುತ್ತು ಹಾಕಿಬಿಡು ಎಂದು ಹರಿಣಿಗೆ ಹೇಳಿ ನೀನು ಒಳಗೆ ಹೋದೆ.

ಇನ್ನು ನಾನು ಬರುವುದಿಲ್ಲ. ಲೆಕ್ಕ ಚುಕ್ತಾ ಮಾಡಿ ಇಡುತ್ತೇನೆ.

ಹರಿಣಿಗೆ: ನಿದ್ದೆ, ಒಂದು ಹಾರ, ಅದನ್ನು ಬಳಸುವ ಬಗೆ.
ಅಳಿಯಂದಿರಿಗೆ: ಕೌನ್ಸೆಲರಿಗೆ ಕೊಡದೆ ಉಳಿಸಿದ ದುಡ್ಡು, ಒಂದು ವೀಡಿಯೊ.
ಸಿದ್ದೇಶ್ವರಿಯವರಿಗೆ: ಮನೆಯಲ್ಲಿ ಅಜ್ಜಿ ತಾತ ಎಲ್ಲ ತಾವೊಬ್ಬರೇ.
ನಿನಗೆ: ಎದ್ದು ನಿಂತು ತೆಗೆದುಕೊಳ್ಳಬೇಕಾದ ಫೋನು ಇನ್ನು ಬರುವುದಿಲ್ಲ.
ನನಗೆ: ತೊಳೆದು ವಾಪಸು ಕೊಟ್ಟ ಡಬ್ಬ.
ರೋಹಿತನಿಗೆ: ಎರಡು ತುತ್ತು ಅನ್ನ.

ಇಂತಿ,
ಹಿಟ್ಟಿನ ಬಸಪ್ಪ ಅಂಕಲ್